ಫೀಡರ್‌ನಲ್ಲಿ ದೋಷ, ಬಿದ್ದದ್ದು ಇನ್‌ಕಮರ್: 11 ಕೆವಿ ರಿಲೇ ಮತ್ತು ಬ್ರೇಕರ್ ದೋಷ ಪತ್ತೆ

ಭರಣಿ ಮಳೆಯ ಮೊದಲ ಗಾಳಿಗೆ ಶ್ರೀನಿವಾಸಪುರದ ಕಡೆ ತೋಪೊಂದರಲ್ಲಿ ಮಾವಿನ ಕೊಂಬೆ 11 ಕೆವಿ ತಂತಿಗೆ ತಗುಲಿತು ಅನ್ನಿ. ಬೀಳಬೇಕಾದದ್ದು, ಅಂದರೆ ತಾನಾಗಿ ತೆರೆದು ಕರೆಂಟ್ ಕಡಿಯಬೇಕಾದದ್ದು, ಆ ಫೀಡರ್‌ನ (ಸ್ಟೇಷನ್‌ನಿಂದ ಹೊರಡುವ ಆ ಲೈನ್‌ನ) ಬ್ರೇಕರ್ ಒಂದೇ. ಅದು ಸುಮ್ಮನಿದ್ದು ಟ್ರಾನ್ಸ್‌ಫಾರ್ಮರ್‌ನ 11 ಕೆವಿ ಇನ್‌ಕಮರ್ (ಎಲ್ಲ ಫೀಡರ್‌ಗಳಿಗೂ ಮೊದಲು ಸಿಗುವ ಬ್ರೇಕರ್) ಬಿದ್ದರೆ, ಬಸ್‌ಬಾರ್ (ಫೀಡರ್‌ಗಳು ಕವಲೊಡೆಯುವ ಲೋಹದ ಪಟ್ಟಿ) ಮೇಲಿರುವ ಫೀಡರ್‌ಗಳೆಲ್ಲ ಒಟ್ಟಿಗೆ ಕತ್ತಲು. ಆಸ್ಪತ್ರೆ, ಕುಡಿಯುವ ನೀರಿನ ಪಂಪು, ಮಂಡಿ, ಎಲ್ಲವೂ ಒಂದು ಕೊಂಬೆಯ ಲೆಕ್ಕಕ್ಕೆ. ಅಂಥ ಹೊತ್ತಿನಲ್ಲಿ ಸ್ಟೇಷನ್‌ನಲ್ಲಿ ಮೊದಲು ಕೇಳಿಬರುವ ಮಾತು ‘ರಿಲೇ ಕೆಟ್ಟಿದೆ’. ರಿಲೇ ಎಂದರೆ ದೋಷದ ಕರೆಂಟ್ ಕಂಡು ಬ್ರೇಕರ್‌ಗೆ ‘ಬೀಳು’ ಎಂದು ಆದೇಶ ಕೊಡುವ ಸಾಧನ. ನಿಜಕ್ಕೂ ರಿಲೇ ಕೆಡುವುದು ಅಪರೂಪ. ಕೆಡುವುದು ಅದರ ಹಿಂದುಮುಂದಿನ ಅಗ್ಗದ ಸಾಮಾನು: ಸಡಿಲವಾದ ಟರ್ಮಿನಲ್, ಸವೆದ ಆಕ್ಸಿಲರಿ ಸ್ವಿಚ್, ಒಣಗಿದ ಗ್ರೀಸ್, ಸತ್ತ ಬ್ಯಾಟರಿ ಸೆಲ್, ಟೆಸ್ಟ್ ಮುಗಿದ ಮೇಲೆ ತೆಗೆಯಲು ಮರೆತ ಲಿಂಕ್.

ಇಲ್ಲಿ ಹೇಳಿರುವುದು 66/11 ಕೆವಿ ಉಪಕೇಂದ್ರದ 11 ಕೆವಿ ವ್ಯಾಕ್ಯೂಮ್ ಬ್ರೇಕರ್‌ಗಳಿಗೆ. ವಸಂತನರಸಾಪುರ, ನರಸಾಪುರ, ಗೌರಿಬಿದನೂರಿನ ಕಡೆಯ ಎಚ್‌ಟಿ ಕಾರ್ಖಾನೆಗಳ ಪ್ಯಾನೆಲ್‌ಗೂ ಬಹುಪಾಲು ಇದೇ ಕ್ರಮ ನಡೆಯುತ್ತದೆ. ಕಂಟ್ರೋಲ್ ಸಪ್ಲೈ 110 ವೋಲ್ಟ್ ಡಿಸಿ ಎಂದು ಹಿಡಿದು ಅಂಕಿಗಳನ್ನು ಕೊಟ್ಟಿದೆ. ನಿಮ್ಮಲ್ಲಿ 30 ಅಥವಾ 24 ವೋಲ್ಟ್ ಇದ್ದರೆ ಅದೇ ಶೇಕಡಾವಾರು ಹಾಕಿಕೊಳ್ಳಿ.

ರೀಸೆಟ್ ಒತ್ತುವ ಮೊದಲು

ಲೈನ್ ಚಾರ್ಜ್ ಮಾಡಿ ಎಂದು ಫೋನ್ ಮೇಲೆ ಫೋನ್ ಬರುತ್ತಿರುತ್ತದೆ. ಆದರೂ ಎರಡು ನಿಮಿಷ ತೆಗೆದುಕೊಳ್ಳಿ. ಸಿಡಿಜಿ ಮಾದರಿಯ ಹಳೆಯ ರಿಲೇಯಲ್ಲಿ ಫ್ಲ್ಯಾಗ್ (ರಿಲೇ ಕೆಲಸ ಮಾಡಿತೆಂದು ತೋರಿಸುವ ಪುಟ್ಟ ಗುರುತು) ಒಮ್ಮೆ ಮೇಲೆತ್ತಿದರೆ ಮುಗಿಯಿತು, ಯಾವ ಫೇಸ್ ಬಿದ್ದಿತ್ತೆಂದು ಹೇಳಲು ಇನ್ನೇನೂ ಉಳಿಯುವುದಿಲ್ಲ. ನ್ಯೂಮರಿಕಲ್ (ಡಿಜಿಟಲ್) ರಿಲೇ ನೆನಪಿಟ್ಟುಕೊಳ್ಳುತ್ತದೆ ನಿಜ. ಆದರೆ ಅದರ ಹೊಟ್ಟೆಯಲ್ಲಿ ಹಿಡಿಯುವ ಫಾಲ್ಟ್ ದಾಖಲೆಗಳಿಗೂ ಮಿತಿ ಇದೆ. ಮೂರು ನಾಲ್ಕು ಬಾರಿ ಟೆಸ್ಟ್ ಚಾರ್ಜ್ ಮಾಡುವಷ್ಟರಲ್ಲಿ ಹೊಸ ದಾಖಲೆ ಹಳೆಯದನ್ನು ತಿಂದುಬಿಡಬಹುದು.

ಬರೆದುಕೊಳ್ಳಬೇಕಾದದ್ದು ಇಷ್ಟು. ಫೀಡರ್ ರಿಲೇ ಮತ್ತು ಇನ್‌ಕಮರ್ ರಿಲೇ ಎರಡರಲ್ಲೂ ಯಾವ ಎಲಿಮೆಂಟ್ ಕೆಲಸ ಮಾಡಿದೆ, ಆರ್, ವೈ, ಬಿ ಫೇಸೋ ಅರ್ತ್ ಫಾಲ್ಟೋ. ಮಾಸ್ಟರ್ ಟ್ರಿಪ್ ರಿಲೇ, ಅಂದರೆ 86, ಬಿದ್ದಿದೆಯೋ ಇಲ್ಲವೋ. ಬ್ರೇಕರ್ ತೆರೆದಿದೆಯೇ (ತೆರೆದರೆ ಕರೆಂಟ್ ಕಡಿಯುತ್ತದೆ, ಮುಚ್ಚಿದರೆ ಹರಿಯುತ್ತದೆ) ಎಂಬುದನ್ನು ಪ್ಯಾನೆಲ್ ದೀಪದಿಂದಲೂ ನೋಡಿ, ಮೆಕ್ಯಾನಿಸಂ ಮೇಲಿನ ಸೂಚಕದಿಂದಲೂ ನೋಡಿ. ಇವೆರಡೂ ಬೇರೆ ಬೇರೆ ಹೇಳಿದರೆ ಅದೇ ದೊಡ್ಡ ಸುಳಿವು. ಸ್ಪ್ರಿಂಗ್ ಚಾರ್ಜ್ ಆಗಿದೆಯೇ, ಆಪರೇಷನ್ ಕೌಂಟರ್ ಎಷ್ಟು, ಆ ಗಳಿಗೆಯ ಡಿಸಿ ವೋಲ್ಟೇಜ್ ಎಷ್ಟು. ನ್ಯೂಮರಿಕಲ್ ರಿಲೇಯಾದರೆ ಮೂರು ಫೇಸ್ ಮತ್ತು ನ್ಯೂಟ್ರಲ್ ಕರೆಂಟ್, ಟ್ರಿಪ್ ಆದೇಶ ಹೊರಟ ಗಳಿಗೆ, ಬ್ರೇಕರ್ ತೆರೆದ ಗಳಿಗೆ. ಮೊಬೈಲ್‌ನಲ್ಲಿ ಫೋಟೊ ತೆಗೆದರೂ ಸಾಕು, ಆದರೆ ಯಾವ ಪ್ಯಾನೆಲ್ ಎಂದು ಕಾಣುವಂತೆ ತೆಗೆಯಿರಿ. ಸ್ಟೇಷನ್ ನೋಡುವವರು ಕೆಪಿಟಿಸಿಎಲ್, ಹೊರಗಿನ ಲೈನ್ ನೋಡುವವರು ಬೆಸ್ಕಾಂ. ಈ ವಿವರ ಇವರಿಂದ ಅವರಿಗೆ ದಾಟಿದರೆ ಲೈನ್ ಉದ್ದಕ್ಕೂ ಸುಮ್ಮನೆ ಅಲೆಯುವುದು ತಪ್ಪುತ್ತದೆ.

ಫ್ಲ್ಯಾಗ್ ಏನು ಹೇಳುತ್ತಿದೆ

ಇನ್‌ಕಮರ್ ಬಿದ್ದ ಘಟನೆಗಳೆಲ್ಲ ಮೇಲ್ನೋಟಕ್ಕೆ ಒಂದೇ ಥರ. ಒಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ.

ಫೀಡರ್ ರಿಲೇ ಫ್ಲ್ಯಾಗ್ ಬಿದ್ದಿದೆ, ಫೀಡರ್ ಬ್ರೇಕರ್ ಮಾತ್ರ ಇನ್ನೂ ಮುಚ್ಚಿಯೇ ಇದೆ: ರಿಲೇ ತನ್ನ ಕೆಲಸ ಮಾಡಿದೆ. ಟ್ರಿಪ್ ಸರ್ಕ್ಯೂಟ್, ಟ್ರಿಪ್ ಕಾಯಿಲ್, ಮೆಕ್ಯಾನಿಸಂ, ಈ ಮೂರರಲ್ಲಿ ಹುಡುಕಿ.

ಫೀಡರ್ ರಿಲೇಯೂ ಬಿದ್ದಿದೆ, ಬ್ರೇಕರ್ ಕೂಡ ತೆರೆದಿದೆ, ಆದರೂ ಇನ್‌ಕಮರ್ ಬಿದ್ದಿದೆ: ಒಂದೋ ಎರಡು ರಿಲೇಗಳ ನಡುವಿನ ಸಮಯದ ಅಂತರ ಸಾಲದು, ಇಲ್ಲವೇ ಬ್ರೇಕರ್ ನಿಧಾನ, ಇಲ್ಲವೇ ಬ್ರೇಕರ್ ತೆರೆದರೂ ಒಳಗೆ ಕರೆಂಟ್ ಕಡಿದಿಲ್ಲ.

ಫೀಡರ್ ರಿಲೇ ಅಲುಗಿಯೇ ಇಲ್ಲ, ಇನ್‌ಕಮರ್ ಮಾತ್ರ ಬಿದ್ದಿದೆ: ರಿಲೇಗೆ ಕರೆಂಟ್ ಕಾಣಲಿಲ್ಲ. ಸಿಟಿ (ಲೈನ್ ಕರೆಂಟನ್ನು ಚಿಕ್ಕದು ಮಾಡಿ ರಿಲೇಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್), ಅದರ ವೈರಿಂಗ್, ಸೆಟ್ಟಿಂಗ್, ರಿಲೇಯ ಡಿಸಿ ಸಪ್ಲೈ ನೋಡಿ. ಬಸ್‌ಬಾರ್‌ನಲ್ಲೇ ದೋಷವಾಗಿದ್ದರೂ ಇದೇ ಚಿತ್ರ ಕಾಣುತ್ತದೆ. ಹಾಗಾಗಿ ಬಸ್ ಚೇಂಬರ್‌ನಲ್ಲಿ ಸುಟ್ಟ ವಾಸನೆ, ಮಸಿ, ಸತ್ತ ಹಲ್ಲಿ ಅಥವಾ ಹಾವು ಇದೆಯೇ ಎಂದು ನೋಡದೆ ಇನ್‌ಕಮರ್ ಮತ್ತೆ ಹಾಕಬೇಡಿ.

ಯಾವ ರಿಲೇಯಲ್ಲೂ ಏನೂ ಇಲ್ಲ, ಬ್ರೇಕರ್ ತಾನಾಗಿ ಬಿದ್ದಿದೆ: ಡಿಸಿ ಅರ್ತ್ (ಡಿಸಿ ವೈರ್ ಭೂಮಿಗೆ ತಗುಲುವುದು), ಕಂಟ್ರೋಲ್ ಕೇಬಲ್, ಇಲ್ಲವೇ ಲ್ಯಾಚ್ ಜಾರಿದೆ.

ಕೈ ಹಾಕುವ ಮೊದಲು

ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಬಂದ್ ಮಾಡಿ ಕೊಡುವ ಕೆಲಸದ ಅನುಮತಿ) ಇಲ್ಲದೆ ಪ್ಯಾನೆಲ್ ಹಿಂಬಾಗಿಲು ತೆರೆಯಬೇಡಿ. ಟ್ರಾಲಿ ಮಾದರಿಯಾದರೆ ಟೆಸ್ಟ್ ಸ್ಥಾನಕ್ಕೆ (11 ಕೆವಿ ಬಿಟ್ಟು ಕಂಟ್ರೋಲ್ ವೈರ್ ಮಾತ್ರ ಜೋಡಿರುವ ಸ್ಥಾನ) ಎಳೆಯಿರಿ. ಹೊರಾಂಗಣದ್ದಾದರೆ ಎರಡೂ ಬದಿಯ ಐಸೊಲೇಟರ್ ತೆರೆದು, ಬ್ರೇಕರ್ ಎರಡೂ ಕಡೆ ಅರ್ತ್ ಹಾಕಿ. ಫೀಡರ್ ಬದಿಯಿಂದ ವಾಪಸು ವಿದ್ಯುತ್ ಬರದು ಎಂದುಕೊಳ್ಳುವ ಕಾಲ ಹೋಯಿತು. ಚಾವಣಿಯ ಸೋಲಾರ್, ಕಾರ್ಖಾನೆಯ ಜನರೇಟರ್ ಎಲ್ಲಿ ಬೇಕಾದರೂ ಇರುತ್ತದೆ. ಸ್ಪ್ರಿಂಗ್ ಮೆಕ್ಯಾನಿಸಂ ಒಳಗೆ ಬೆರಳು ಹಾಕುವ ಮೊದಲು ಮೋಟಾರ್‌ನ ಎಂಸಿಬಿ ಇಳಿಸಿ, ಬ್ರೇಕರ್‌ನ್ನು ಒಮ್ಮೆ ಮುಚ್ಚಿ ತೆರೆದು ಎರಡೂ ಸ್ಪ್ರಿಂಗ್ ಸಡಿಲಿಸಿ. ಚಾರ್ಜ್ ಆಗಿರುವ ಸ್ಪ್ರಿಂಗ್ ಬೆರಳನ್ನು ಬಿಡುವುದಿಲ್ಲ. ಕರೆಂಟ್ ಹರಿಯುತ್ತಿರುವ ಸಿಟಿಯ ಸೆಕೆಂಡರಿಯನ್ನು ಎಂದೂ ತೆರೆಯಬೇಡಿ. ಸಾವಿರಾರು ವೋಲ್ಟ್ ಏಳಬಹುದು, ಮೊದಲು ಶಾರ್ಟಿಂಗ್ ಲಿಂಕ್ ಹಾಕಿ.

ರಿಲೇ ಹೇಳಿತು, ಬ್ರೇಕರ್ ಕೇಳಲಿಲ್ಲ

ಟ್ರಿಪ್ ಸರ್ಕ್ಯೂಟ್ ಒಂದು ಸರಪಳಿ. ಡಿಸಿ ಪಾಸಿಟಿವ್, ಫ್ಯೂಸ್, ರಿಲೇ ಅಥವಾ 86ರ ಕಾಂಟ್ಯಾಕ್ಟ್, ಪ್ಯಾನೆಲ್‌ನಿಂದ ಬ್ರೇಕರ್‌ಗೆ ಹೋಗುವ ಕೇಬಲ್, ಬ್ರೇಕರ್ ಮುಚ್ಚಿದಾಗ ಮುಚ್ಚುವ ಆಕ್ಸಿಲರಿ ಕಾಂಟ್ಯಾಕ್ಟ್ 52ಎ, ಟ್ರಿಪ್ ಕಾಯಿಲ್, ಡಿಸಿ ನೆಗೆಟಿವ್. ಒಂದು ಕೊಂಡಿ ಬಿಟ್ಟರೂ ಬ್ರೇಕರ್ ಕಲ್ಲು.

ಅಳೆಯುವ ಉಪಾಯ ಸರಳ. ಟೆಸ್ಟ್ ಸ್ಥಾನದಲ್ಲಿ ಬ್ರೇಕರ್ ಮುಚ್ಚಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ರಿಲೇಯ ತೆರೆದ ಟ್ರಿಪ್ ಕಾಂಟ್ಯಾಕ್ಟ್‌ನ ಎರಡೂ ತುದಿಗೆ ಪ್ರೋಬ್ ಇಡಿ. ಸುಮಾರು ಪೂರ್ತಿ 110 ವೋಲ್ಟ್ ಬಂದರೆ ಸರಪಳಿಯ ಎರಡೂ ಕಡೆ ಜೋಡಣೆ ಇದೆ. ಸೊನ್ನೆ ಬಂದರೆ ಎಲ್ಲೋ ಕಡಿದಿದೆ. ಆಗ ಒಂದು ಪ್ರೋಬನ್ನು ಡಿಸಿ ನೆಗೆಟಿವ್ ಮೇಲೆ ಇಟ್ಟು, ಇನ್ನೊಂದನ್ನು ಮೊದಲು ಫ್ಯೂಸ್‌ನ ಆಚೆ, ಆಮೇಲೆ ಕಾಂಟ್ಯಾಕ್ಟ್‌ನ ಪಾಸಿಟಿವ್ ಬದಿಗೆ ಇಡಿ. ಎರಡೂ ಕಡೆ 110 ಸಿಕ್ಕರೆ ಈ ಬದಿ ಸರಿ. ಇನ್ನು ಪ್ರೋಬ್ ಅದಲುಬದಲು ಮಾಡಿ: ಒಂದನ್ನು ಡಿಸಿ ಪಾಸಿಟಿವ್ ಮೇಲೆ ಇಟ್ಟು, ಇನ್ನೊಂದನ್ನು ಕಾಯಿಲ್‌ನ ನೆಗೆಟಿವ್ ತುದಿ, ಕಾಯಿಲ್‌ನ ಇನ್ನೊಂದು ತುದಿ, 52ಎ ಯ ಈಚೆ, ಕೇಬಲ್‌ನ ಪ್ಯಾನೆಲ್ ತುದಿ, ಹೀಗೆ ಕೊಂಡಿ ಕೊಂಡಿ ಹಿಂದಕ್ಕೆ ಬನ್ನಿ. 110 ಇದ್ದದ್ದು ಎಲ್ಲಿ ಮಾಯವಾಯಿತೋ ಅದರ ಹಿಂದಿನ ಕೊಂಡಿಯೇ ಕಳ್ಳ.

ಇಲ್ಲೊಂದು ಮೋಸವಿದೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕಿಲ್ಲದಷ್ಟು. ಆದ್ದರಿಂದ ಹಸಿರು ಕಟ್ಟಿದ, ಸಾವಿರಾರು ಓಮ್ ಇರುವ ಕಾಂಟ್ಯಾಕ್ಟ್ ಮೂಲಕವೂ ಅದು 110 ಎಂದೇ ತೋರಿಸುತ್ತದೆ. ಟ್ರಿಪ್ ಕಾಯಿಲ್‌ಗೆ ಬೇಕಾದದ್ದು ಒಂದೆರಡು ಆಂಪಿಯರ್. ಹಾಗಾಗಿ ವೋಲ್ಟ್ ಸರಿಯಿದ್ದರೂ ಬ್ರೇಕರ್ ಬೀಳದಿದ್ದರೆ, ರಿಲೇ ಕಾಂಟ್ಯಾಕ್ಟ್‌ನಿಂದಲೇ ಟ್ರಿಪ್ ಕೊಟ್ಟು ಅದೇ ಗಳಿಗೆಯಲ್ಲಿ ಕಾಯಿಲ್ ತುದಿಗಳ ಮೇಲಿನ ವೋಲ್ಟ್ ಅಳೆಯಿರಿ. ಮೀಟರ್‌ನಲ್ಲಿ ಕನಿಷ್ಠ ಮೌಲ್ಯ ಹಿಡಿದಿಡುವ ಸೌಲಭ್ಯ ಇದ್ದರೆ ಒಳ್ಳೆಯದು. ಐಇಸಿ ಮಾನದಂಡದ ಪ್ರಕಾರ ಡಿಸಿ ಟ್ರಿಪ್ ಕಾಯಿಲ್ 70ರಿಂದ 110 ಶೇಕಡಾ ವೋಲ್ಟೇಜ್‌ನಲ್ಲಿ ಕೆಲಸ ಮಾಡಬೇಕು, ಅಂದರೆ 77ರಿಂದ 121 ವೋಲ್ಟ್. ಕ್ಲೋಸ್ ಕಾಯಿಲ್‌ಗೆ 85ರಿಂದ 110 ಶೇಕಡಾ, ಅಂದರೆ 93.5ರಿಂದ 121 ವೋಲ್ಟ್. ‘ಹಾಕಲು ಆಗುತ್ತಿಲ್ಲ, ಬೀಳಿಸಲು ಆಗುತ್ತಿದೆ’ ಎಂಬ ದೂರಿಗೆ ಎಷ್ಟೋ ಸಲ 77 ಮತ್ತು 93.5 ವೋಲ್ಟ್‌ಗಳ ನಡುವೆ ನಿಂತ ಬ್ಯಾಟರಿಯೇ ಕಾರಣ.

ಟ್ರಿಪ್ ಹೆಲ್ದಿ ದೀಪ (ಟ್ರಿಪ್ ಸರ್ಕ್ಯೂಟ್ ಸರಿಯಿದೆ ಎಂದು ತೋರಿಸುವುದು) ಉರಿಯುತ್ತಿದೆ ಎಂದು ನೆಮ್ಮದಿಯಿಂದ ಇರಬೇಡಿ. ಮೀಟರ್‌ಗೆ ಆದ ಮೋಸವೇ ದೀಪಕ್ಕೂ ಆಗುತ್ತದೆ. ಅದು ಎಳೆಯುವ ಕರೆಂಟೂ ಚಿಕ್ಕದು. ಮೇಲಾಗಿ ಕೆಲವು ಪ್ಯಾನೆಲ್‌ಗಳಲ್ಲಿ ಅದು ಗುಂಡಿ ಒತ್ತಿದಾಗ ಮಾತ್ರ ಉರಿಯುತ್ತದೆ. ಪ್ರತಿ ಪಾಳಿಯಲ್ಲಿ ಒತ್ತಿ ನೋಡಿ ಲಾಗ್ ಶೀಟ್‌ನಲ್ಲಿ ಬರೆದರೆ ಮಾತ್ರ ಅದಕ್ಕೆ ಬೆಲೆ.

ಕಾಯಿಲ್‌ನ ಓಮ್ ಅಳೆಯುವಾಗ ಎರಡೂ ವೈರ್ ಬಿಚ್ಚಿ ಅಳೆಯಿರಿ. ಎಷ್ಟಿರಬೇಕು ಎಂಬುದನ್ನು ನೇಮ್‌ಪ್ಲೇಟ್ ವ್ಯಾಟ್‌ನಿಂದ ತಿಳಿಯಬಹುದು: ವೋಲ್ಟ್‌ನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿ. 110 ವೋಲ್ಟ್, 200 ವ್ಯಾಟ್ ಕಾಯಿಲ್ ಆದರೆ ಸುಮಾರು 60 ಓಮ್. ತೀರಾ ಕಡಿಮೆ ಬಂದರೆ ಸುತ್ತುಗಳು ಒಳಗೇ ಸೇರಿಕೊಂಡಿವೆ, ಏನೂ ತೋರದಿದ್ದರೆ ಕಡಿದಿದೆ.

ಕಾಯಿಲ್ ಸುಟ್ಟಿರುವುದು ಕಂಡರೆ ಹೊಸದು ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಟ್ರಿಪ್ ಕಾಯಿಲ್ ಕ್ಷಣಮಾತ್ರದ ಕೆಲಸಕ್ಕೆ ಮಾಡಿದ್ದು. ಬ್ರೇಕರ್ ತೆರೆದ ಕೂಡಲೇ 52ಎ ಕಾಂಟ್ಯಾಕ್ಟ್ ಅದರ ಕರೆಂಟ್ ಕಡಿಯಬೇಕು. ಆಕ್ಸಿಲರಿ ಸ್ವಿಚ್‌ನ ಲಿವರ್ ಹೊಂದಾಣಿಕೆ ತಪ್ಪಿ 52ಎ ಬಿಡದಿದ್ದರೆ, ಅಥವಾ ಮೆಕ್ಯಾನಿಸಂ ಹಿಡಿದುಕೊಂಡು ಬ್ರೇಕರ್ ತೆರೆಯದೇ ಇದ್ದರೆ, ಕಾಯಿಲ್ ಕರೆಂಟ್ ಹೊತ್ತು ಕುಳಿತು ಸುಡುತ್ತದೆ. ಮೊದಲನೆಯದಾದರೆ ಲಿವರ್ ಸರಿಮಾಡಿ, ಎರಡನೆಯದಾದರೆ ಮೆಕ್ಯಾನಿಸಂ. ಎರಡನ್ನೂ ಬಿಟ್ಟರೆ ಹೊಸ ಕಾಯಿಲ್ ಮುಂದಿನ ದೋಷದ ತನಕ ಮಾತ್ರ.

ಮೆಕ್ಯಾನಿಸಂ ಮತ್ತು ಬಾಟಲ್

ಚಿಕ್ಕಬಳ್ಳಾಪುರದ ಕ್ರಷರ್‌ಗಳ ಸುತ್ತ, ಕೋಲಾರದ ಕ್ವಾರಿಗಳ ಆಸುಪಾಸು ಇರುವ ಬ್ರೇಕರ್‌ಗಳ ಮುಖ್ಯ ಶತ್ರು ಕಲ್ಲಿನ ಧೂಳು. ಗ್ರೀಸ್‌ಗೆ ಧೂಳು ಸೇರಿದರೆ ಸಾಣೆಹಿಟ್ಟು. ಬೇಸಿಗೆಯ ಬಿಸಿಗೆ ಎಣ್ಣೆ ಆರಿ, ಉಳಿದದ್ದು ಅಂಟಿನಂತೆ ಲ್ಯಾಚ್ ಹಿಡಿದುಕೊಳ್ಳುತ್ತದೆ. ಇದಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಚಾಳಿ ಇದೆ. ಆ ಹೊತ್ತಿಗೆ ಮೆಕ್ಯಾನಿಸಂ ಬೆಣ್ಣೆಯಂತೆ ಆಡುತ್ತದೆ, ಕೆಲವು ವಾರಗಳಲ್ಲಿ ಇದ್ದಬದ್ದ ಗ್ರೀಸನ್ನೂ ತೊಳೆದುಕೊಂಡು ಹೋಗಿ ಮೊದಲಿಗಿಂತ ಕಷ್ಟ. ಹಳೆಯ ಗ್ರೀಸ್ ಒರೆಸಿ ತೆಗೆದು, ತಯಾರಕರು ಹೇಳಿದ ಗ್ರೀಸನ್ನೇ ತೆಳ್ಳಗೆ ಹಚ್ಚಿ.

ನಿಧಾನ ಬ್ರೇಕರ್ ಹಿಡಿಯುವುದಕ್ಕೆ ಒಂದು ನಿಯಮ ಇದೆ: ಮೊದಲ ಟ್ರಿಪ್ಪನ್ನೇ ಅಳೆಯಬೇಕು. ಆರು ತಿಂಗಳು ಮುಚ್ಚಿ ನಿಂತಿದ್ದ ಬ್ರೇಕರ್ ಮೊದಲ ಸಲ 200 ಮಿಲಿಸೆಕೆಂಡ್ ತೆಗೆದುಕೊಂಡು, ಎರಡನೇ ಸಲ 40ಕ್ಕೆ ತೆರೆಯಬಹುದು. ಎರಡು ಸಲ ಆಡಿಸಿ ಆಮೇಲೆ ಟೈಮಿಂಗ್ ಕಿಟ್ ಜೋಡಿಸಿದರೆ ಕಾಯಿಲೆ ಮಾಯ, ರಿಪೋರ್ಟ್‌ನಲ್ಲಿ ‘ತೃಪ್ತಿಕರ’. ಎಲ್‌ಸಿಗಾಗಿ ಬ್ರೇಕರ್ ಬೀಳಿಸುವ ಆ ಮೊದಲ ಸಲವೇ ನ್ಯೂಮರಿಕಲ್ ರಿಲೇಯ ಈವೆಂಟ್ ಪಟ್ಟಿಯಲ್ಲಿ ಟ್ರಿಪ್ ಆದೇಶಕ್ಕೂ ಬ್ರೇಕರ್ ತೆರೆದ ಸೂಚನೆಗೂ ನಡುವಿನ ಅಂತರ ನೋಡಿ. ಆರೋಗ್ಯವಂತ ವ್ಯಾಕ್ಯೂಮ್ ಬ್ರೇಕರ್ ಸಾಮಾನ್ಯವಾಗಿ 30ರಿಂದ 50 ಮಿಲಿಸೆಕೆಂಡ್‌ಗೆ ತೆರೆಯುತ್ತದೆ, ರಿಲೇ ಔಟ್‌ಪುಟ್‌ನ ಸಮಯ ಸೇರಿದರೆ ಇನ್ನೊಂದಿಷ್ಟು. ಮೂರು ಪೋಲ್‌ಗಳು (ಫೇಸ್‌ಗೊಂದರಂತೆ ಇರುವ ಬ್ರೇಕರ್ ಭಾಗಗಳು) ತೆರೆಯುವ ಹೊತ್ತಿನ ವ್ಯತ್ಯಾಸ 3.3 ಮಿಲಿಸೆಕೆಂಡ್, ಮುಚ್ಚುವಾಗ 5 ಮಿಲಿಸೆಕೆಂಡ್ ದಾಟಬಾರದು.

ಬ್ರೇಕರ್ ತೆರೆದ ಸೂಚನೆ ಬಂದ ಮೇಲೂ ಒಂದು ಫೇಸ್‌ನಲ್ಲಿ ಕರೆಂಟ್ ಹರಿದದ್ದು ದಾಖಲೆಯಲ್ಲಿ ಕಂಡರೆ ಆ ಫೇಸ್‌ನ ಬಾಟಲ್ (ಕಾಂಟ್ಯಾಕ್ಟ್‌ಗಳಿರುವ ನಿರ್ವಾತ ಕೊಳವೆ) ನಿರ್ವಾತ ಕಳೆದುಕೊಂಡಿರಬಹುದು. ಫೇಸ್–ಫೇಸ್ ದೋಷದಲ್ಲಿ ಜೊತೆಯ ಪೋಲ್ ಕಡಿದು ಮಾನ ಉಳಿಸುತ್ತದೆ, ಅದೇ ಫೇಸ್‌ನ ಅರ್ತ್ ಫಾಲ್ಟ್‌ಗೆ ಬೇರೆ ಗತಿ ಇಲ್ಲ. ಹಾಗಾಗಿ ‘ಒಂದೊಂದು ಸಲ ಮಾತ್ರ ಇನ್‌ಕಮರ್ ಬೀಳುತ್ತದೆ’ ಎಂಬ ಗೊಂದಲ. ಪರೀಕ್ಷೆ ಎಂದರೆ ತೆರೆದ ಕಾಂಟ್ಯಾಕ್ಟ್‌ಗಳ ನಡುವೆ ಹೈ ವೋಲ್ಟೇಜ್. 12 ಕೆವಿ ದರ್ಜೆಗೆ ಕಾರ್ಖಾನೆ ಮೌಲ್ಯ 28 ಕೆವಿ ಎಸಿ ಒಂದು ನಿಮಿಷ, ಸ್ಥಳದಲ್ಲಿ ಅದರ 80 ಶೇಕಡಾ, ಸುಮಾರು 22 ಕೆವಿ ಕೊಡುವ ರೂಢಿ. ತೆರೆದ ಬಾಟಲ್‌ಗೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಎಕ್ಸ್‌ರೇ ಹೊರಡಬಹುದು, ತಯಾರಕರ ಮಿತಿ ಮೀರಬೇಡಿ, ದೂರ ನಿಲ್ಲಿ. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಒಂದೇ ನಂಬಿ ನಿರ್ವಾತ ಸರಿಯಿದೆ ಎನ್ನಲಾಗದು. ಕಾಂಟ್ಯಾಕ್ಟ್ ರೆಸಿಸ್ಟೆನ್ಸನ್ನು 100 ಆಂಪಿಯರ್ ಡಿಸಿ ಕೊಟ್ಟು ಅಳೆದು, ಹಳೆಯ ರಿಪೋರ್ಟ್ ಜೊತೆ ಹೋಲಿಸಿ. ಮೂರರಲ್ಲಿ ಒಂದು ಪೋಲ್ ಮಾತ್ರ ಎರಡರಷ್ಟು ತೋರಿದರೆ ಅದನ್ನು ಬಿಡಬೇಡಿ.

ರಿಲೇಗೆ ಕರೆಂಟ್ ಕಾಣದಿದ್ದಾಗ

ಇಲ್ಲಿ ಮೊದಲ ಶಂಕೆ ಮನುಷ್ಯರ ಕೈಯ ಮೇಲೆ. ವಾರ್ಷಿಕ ಟೆಸ್ಟಿಂಗ್‌ಗೆ ಹಾಕಿದ ಸಿಟಿ ಶಾರ್ಟಿಂಗ್ ಲಿಂಕ್ ತೆಗೆಯದೆ ಉಳಿದರೆ, ಅಥವಾ ಟೆಸ್ಟ್ ಬ್ಲಾಕ್‌ನ ಪ್ಲಗ್ ಸರಿಯಾಗಿ ಕೂರದಿದ್ದರೆ ರಿಲೇ ಕುರುಡು. ಪತ್ತೆ ಬಹಳ ಸುಲಭ: ಫೀಡರ್ ಲೋಡ್ ಮೇಲಿರುವಾಗ ರಿಲೇ ತೋರಿಸುವ ಮೂರು ಕರೆಂಟ್‌ಗಳನ್ನು ಪ್ಯಾನೆಲ್ ಅಮ್ಮೀಟರ್ ಜೊತೆ ಹೋಲಿಸಿ. ಹಳೆಯ ರಿಲೇಯಾದರೆ ಸಿಟಿ ಸೆಕೆಂಡರಿ ವೈರ್‌ಗೆ ಮಿಲಿಆಂಪಿಯರ್ ಓದುವ ಟಾಂಗ್ ಟೆಸ್ಟರ್ ಹಾಕಿ. 200/1 ಸಿಟಿ, 120 ಆಂಪಿಯರ್ ಲೋಡ್ ಎಂದರೆ 0.6 ಆಂಪಿಯರ್ ಕಾಣಬೇಕು. ಅಮ್ಮೀಟರ್ ಮೀಟರಿಂಗ್ ಕೋರ್‌ನಿಂದ ಓದುತ್ತದೆ, ರಿಲೇ ಪ್ರೊಟೆಕ್ಷನ್ ಕೋರ್‌ನಿಂದ. ಹಾಗಾಗಿ ಅಮ್ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ರಿಲೇಗೂ ಕರೆಂಟ್ ಬರುತ್ತಿದೆ ಎಂದಲ್ಲ.

ನ್ಯೂಟ್ರಲ್ ಕರೆಂಟ್ ಓದುವುದನ್ನು ಬಹಳ ಜನ ಬಿಡುತ್ತಾರೆ, ಅದೇ ಅತಿ ಹೆಚ್ಚು ಹೇಳುವ ಅಂಕಿ. ನಮ್ಮ ಹಳ್ಳಿಗಳ ಟಿಸಿಗಳ (ವಿತರಣಾ ಟ್ರಾನ್ಸ್‌ಫಾರ್ಮರ್) 11 ಕೆವಿ ಬದಿ ಡೆಲ್ಟಾ, ಅಂದರೆ ನ್ಯೂಟ್ರಲ್ ಇಲ್ಲದ ಜೋಡಣೆ. ಆದ್ದರಿಂದ ಎಲ್‌ಟಿ ಬದಿ ಲೋಡ್ ಎಷ್ಟೇ ಏರುಪೇರಾದರೂ 11 ಕೆವಿ ಸಿಟಿಗಳ ಮೊತ್ತ ಹೆಚ್ಚುಕಡಿಮೆ ಸೊನ್ನೆಯೇ ಇರಬೇಕು. ಲೋಡ್ ಹೊತ್ತಾಗ ನ್ಯೂಟ್ರಲ್‌ನಲ್ಲಿ ಒಂದು ಫೇಸ್‌ನಷ್ಟೇ ಕರೆಂಟ್ ನಿಂತಿದ್ದರೆ ಒಂದು ಸಿಟಿಯಿಂದ ಏನೂ ಬರುತ್ತಿಲ್ಲ. ಫೇಸ್‌ನ ಎರಡರಷ್ಟಿದ್ದರೆ ಒಂದು ಸಿಟಿಯ ಪೋಲಾರಿಟಿ ತಿರುವುಮುರುವು. ‘ಲೋಡ್ ಏರಿದಾಗೆಲ್ಲ ಅರ್ತ್ ಫಾಲ್ಟ್ ಎಂದು ಬೀಳುತ್ತದೆ, ಲೈನ್ ಎಲ್ಲ ಹುಡುಕಿದರೂ ಏನೂ ಸಿಗುವುದಿಲ್ಲ’ ಎಂಬ ಫೀಡರ್‌ಗಳಲ್ಲಿ ಲೈನ್‌ಮನ್‌ಗಳನ್ನು ನೀಲಗಿರಿ ತೋಪುಗಳಲ್ಲಿ ಅಲೆಸುವ ಮೊದಲು ಈ ಒಂದು ಅಂಕಿ ಓದಿ.

ಸಿಟಿ ಸ್ಯಾಚುರೇಷನ್ (ದೊಡ್ಡ ಕರೆಂಟ್‌ಗೆ ಸಿಟಿಯ ಕೋರ್ ತುಂಬಿ ಲೆಕ್ಕ ತಪ್ಪುವುದು) ಕೂಡ ನಿಜವಾದ ಕಾರಣವೇ, ಆದರೆ ಹೇಳುವಷ್ಟು ಸಲ ಅಲ್ಲ. 5ಪಿ10 ಎಂದರೆ ಪೂರ್ತಿ ಬರ್ಡನ್ (ರಿಲೇ, ವೈರ್ ಸೇರಿ ಸಿಟಿ ಮೇಲಿನ ಹೊರೆ) ಇದ್ದಾಗ ರೇಟೆಡ್ ಕರೆಂಟ್‌ನ 10 ಪಟ್ಟಿನವರೆಗೆ ಲೆಕ್ಕ ನಂಬಬಹುದು ಎಂದರ್ಥ. 200 ಆಂಪಿಯರ್ ಸಿಟಿಗೆ 4,000 ಆಂಪಿಯರ್ ದೋಷ 20 ಪಟ್ಟು. ಹಳೆಯ ಎಲೆಕ್ಟ್ರೋಮೆಕ್ಯಾನಿಕಲ್ ರಿಲೇ ಮತ್ತು ಉದ್ದನೆಯ ಸಪೂರ ವೈರ್ ಇದ್ದರೆ ತೊಂದರೆ ಆಗಬಹುದು. ನ್ಯೂಮರಿಕಲ್ ರಿಲೇಯ ಬರ್ಡನ್ ಬಹಳ ಕಡಿಮೆಯಾದ್ದರಿಂದ ಅದೇ ಸಿಟಿ ಇನ್ನಷ್ಟು ದೂರ ಎಳೆಯುತ್ತದೆ. ಸಂಶಯವಿದ್ದರೆ ಎಕ್ಸೈಟೇಷನ್ ಟೆಸ್ಟ್ ಮಾಡಿ, ಲೂಪ್ ರೆಸಿಸ್ಟೆನ್ಸ್ ಅಳೆಯಿರಿ, ಟರ್ಮಿನಲ್ ಸ್ಕ್ರೂಗಳನ್ನು ಬಿಗಿ ಮಾಡಿ.

ಎರಡೂ ಬಿದ್ದವು: ಸಮಯದ ಲೆಕ್ಕ

ನಾರ್ಮಲ್ ಇನ್ವರ್ಸ್ ಕರ್ವ್‌ನಲ್ಲಿ (ಕರೆಂಟ್ ಹೆಚ್ಚಿದಷ್ಟೂ ಬೇಗ ಬೀಳುವುದು) ಸಮಯ = 0.14 × ಟಿಎಂಎಸ್ ÷ (ಪಟ್ಟು^0.02 − 1). ಟಿಎಂಎಸ್ ಎಂದರೆ ರಿಲೇಯ ತಡವನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್. ಪಟ್ಟು ಎಂದರೆ ದೋಷದ ಕರೆಂಟ್ ಸೆಟ್ಟಿಂಗ್‌ಗಿಂತ ಎಷ್ಟು ಪಟ್ಟು ಎಂಬುದು. ಟಿಎಂಎಸ್ 1 ಇದ್ದಾಗ 2 ಪಟ್ಟಿಗೆ 10.03, 5 ಪಟ್ಟಿಗೆ 4.28, 10 ಪಟ್ಟಿಗೆ 2.97, 20 ಪಟ್ಟಿಗೆ 2.27 ಸೆಕೆಂಡ್. ಈ ನಾಲ್ಕು ಅಂಕಿ ಗೋಡೆ ಮೇಲೆ ಅಂಟಿಸಿಕೊಂಡರೆ ಬಹುಪಾಲು ಕೆಲಸ ನಡೆಯುತ್ತದೆ.

ಒಂದು ಉದಾಹರಣೆ. 12.5 ಎಂವಿಎ, 66/11 ಕೆವಿ ಟ್ರಾನ್ಸ್‌ಫಾರ್ಮರ್. 11 ಕೆವಿ ಬದಿಯ ಫುಲ್ ಲೋಡ್ 656 ಆಂಪಿಯರ್. ಇಂಪೀಡೆನ್ಸ್ 10 ಶೇಕಡಾ ಎಂದರೆ ಬಸ್‌ಬಾರ್ ಮೇಲಿನ ಮೂರು ಫೇಸ್ ದೋಷ 6,560 ಆಂಪಿಯರ್ ಮೀರದು. ಇನ್‌ಕಮರ್ ಸೆಟ್ಟಿಂಗ್ 800 ಆಂಪಿಯರ್, ಟಿಎಂಎಸ್ 0.15. ಫೀಡರ್ ಸೆಟ್ಟಿಂಗ್ 200 ಆಂಪಿಯರ್, ಟಿಎಂಎಸ್ 0.1, ಹೈಸೆಟ್ (ಭಾರಿ ದೋಷಕ್ಕೆ ತಡವಿಲ್ಲದೆ ಬೀಳಿಸುವ ಸೆಟ್ಟಿಂಗ್) ಇಲ್ಲ. ರ‍್ಯಾಬಿಟ್ ತಂತಿಯ ಲೈನ್‌ನಲ್ಲಿ ಸ್ಟೇಷನ್‌ನಿಂದ ಒಂದು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ 4,000 ಆಂಪಿಯರ್ ದೋಷ. ಫೀಡರ್‌ಗೆ 20 ಪಟ್ಟು: 0.23 ಸೆಕೆಂಡ್. ಇನ್‌ಕಮರ್‌ಗೆ 5 ಪಟ್ಟು: 0.64 ಸೆಕೆಂಡ್. ನಡುವೆ 0.41, ಸಾಕು. ನ್ಯೂಮರಿಕಲ್ ರಿಲೇಗಳ ನಡುವೆ 0.3 ಇದ್ದರೂ ನಡೆದೀತು. ತಟ್ಟೆ ತಿರುಗುವ ರಿಲೇಗೆ 0.4 ಬೇಕು, ಏಕೆಂದರೆ ಕರೆಂಟ್ ನಿಂತ ಮೇಲೂ ತಟ್ಟೆ ಸ್ವಲ್ಪ ಹೊತ್ತು ಉರುಳುತ್ತದೆ.

ಈಗ ‘ಫೀಡರ್ ಪದೇ ಪದೇ ಬೀಳುತ್ತೆ’ ಎಂದು ಯಾರೋ ಫೀಡರ್ ಟಿಎಂಎಸ್‌ನ್ನು 0.3ಕ್ಕೆ ಏರಿಸಿದರು ಅನ್ನಿ. ಅದೇ ದೋಷಕ್ಕೆ ಫೀಡರ್‌ಗೆ 0.68 ಸೆಕೆಂಡ್, ಇನ್‌ಕಮರ್‌ಗೆ 0.64. ಇನ್‌ಕಮರ್ ಮೊದಲು ಬೀಳುತ್ತದೆ. ನಾಲ್ಕು ಕಿಲೋಮೀಟರ್ ಆಚೆ, 2,000 ಆಂಪಿಯರ್ ದೋಷಕ್ಕೆ ಫೀಡರ್ 0.89, ಇನ್‌ಕಮರ್ 1.13, ಅಂತರ 0.24, ಬ್ರೇಕರ್ ಚುರುಕಾಗಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹತ್ತಿರದ ದೋಷಕ್ಕೆ ಮಾತ್ರ ಇನ್‌ಕಮರ್ ಬಿದ್ದು, ದೂರದ ದೋಷಕ್ಕೆ ಫೀಡರ್ ಒಂದೇ ಬೀಳುತ್ತಿದ್ದರೆ ಮೊದಲು ಸೆಟ್ಟಿಂಗ್ ಹಾಳೆ ತೆಗೆಯಿರಿ. ಇನ್‌ಕಮರ್ ಉಳಿದ ಫೀಡರ್‌ಗಳ ಲೋಡನ್ನೂ ಹೊರುತ್ತದೆ, ಅದರ ಸಮಯ ಲೆಕ್ಕಕ್ಕಿಂತ ಇನ್ನೂ ಒಂದಿಷ್ಟು ಕಡಿಮೆಯೇ ಆಗುತ್ತದೆ. ಫೀಡರ್ ಪದೇ ಪದೇ ಬೀಳುವುದಕ್ಕೆ ಮದ್ದು ಕೊಂಬೆ ಕಡಿಯುವುದು, ಒಡೆದ ಪಿನ್ ಇನ್ಸುಲೇಟರ್ ಬದಲಿಸುವುದು. ಟಿಎಂಎಸ್ ತಿರುಗಿಸುವುದಲ್ಲ.

ಹಾಕಿದ ಕೂಡಲೇ ಬೀಳುವ ಪಂಪ್‌ಸೆಟ್ ಫೀಡರ್

ಮುಳಬಾಗಿಲು, ಚಿಂತಾಮಣಿ, ಪಾವಗಡ, ಶಿರಾ ಎಲ್ಲೆಡೆ ಆಳದ ಬೋರ್‌ವೆಲ್‌ಗಳು, ಪ್ರತಿ ಸ್ಟಾರ್ಟರ್‌ಗೂ ಆಟೋ. ಮೂರು ಫೇಸ್ ಬಂದ ಗಳಿಗೆಗೆ ನೂರಾರು ಮೋಟಾರ್ ಒಟ್ಟಿಗೆ ಎದ್ದು, ಒಂದೊಂದೂ ತನ್ನ ಕರೆಂಟ್‌ನ ಐದಾರು ಪಟ್ಟು ಎಳೆಯುತ್ತದೆ. ಜೊತೆಗೆ ಟಿಸಿಗಳು ಹಾಕಿದ ಕ್ಷಣ ಎಳೆಯುವ ಇನ್‌ರಶ್ ಕರೆಂಟ್. ಫೀಡರ್ ಒಂದೆರಡು ಸೆಕೆಂಡ್ ನಿಂತು ಓವರ್‌ಕರೆಂಟ್ ಮೇಲೆ ಬೀಳುತ್ತದೆ.

ಇದು ದೋಷವೋ ಅಲ್ಲವೋ ಎಂದು ರಿಲೇಯ ದಾಖಲೆ ಹೇಳುತ್ತದೆ. ಮೂರು ಫೇಸ್ ಕರೆಂಟ್ ಸರಿಸಮ, ನ್ಯೂಟ್ರಲ್ ಸೊನ್ನೆಯ ಹತ್ತಿರ, ಪ್ರಮಾಣ ಸೆಟ್ಟಿಂಗ್‌ನ ಎರಡು ಮೂರು ಪಟ್ಟು, ಹೊತ್ತು ಕಳೆದಂತೆ ಇಳಿಯುತ್ತಿದೆ ಎಂದರೆ ಮೋಟಾರ್‌ಗಳು. ಎರಡು ಫೇಸ್ ಮಾತ್ರ ಹಾರಿದ್ದರೆ, ಅಥವಾ ನ್ಯೂಟ್ರಲ್ ಏರಿದ್ದರೆ ಲೈನ್‌ನಲ್ಲೇ ಇದೆ. ಮೋಟಾರ್ ಎಂದು ಖಚಿತವಾದರೆ ಮಧ್ಯದ ಜಿಒಎಸ್ (ಕಂಬದ ಮೇಲಿನ, ಮೂರೂ ಫೇಸ್ ಒಟ್ಟಿಗೆ ತೆರೆಯುವ ಕೈ ಸ್ವಿಚ್) ತೆರೆಸಿ, ಮೊದಲರ್ಧ ಹಾಕಿ. ಲೋಡ್ ಇಳಿದ ಮೇಲೆ ಫೀಡರ್ ಬ್ರೇಕರ್ ತೆರೆದು, ಜಿಒಎಸ್ ಮುಚ್ಚಿ, ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ; ಎಲ್ಲ ಮೋಟಾರ್ ಮತ್ತೆ ಒಟ್ಟಿಗೆ ಏಳುತ್ತವೆ. ಉಳಿದರ್ಧಕ್ಕೆ, ಲೋಡ್ ಮೇಲೆ ಮುಚ್ಚಬಲ್ಲ ಸ್ವಿಚ್ ಇರುವಲ್ಲಿ ಅದನ್ನೇ ಮುಚ್ಚಿ. ಸಾದಾ ಜಿಒಎಸ್ ಅನ್ನು ಲೋಡ್ ಮೇಲೆ ಮುಟ್ಟಬೇಡಿ. ಅಂಥಲ್ಲಿ ಆಟೋ ಸ್ಟಾರ್ಟರ್‌ಗೆ ಒಬ್ಬೊಬ್ಬರದು ಒಂದೊಂದು ನಿಮಿಷ ತಡ ಇಡಿಸುವುದು ಅಥವಾ ಟೈಮರ್ ಹಾಕಿಸುವುದೇ ದಾರಿ. ರೈತರು ಒಪ್ಪುವುದು ಕಷ್ಟ. ಆದರೂ ಮೋಟಾರ್ ಸುಡುವುದು ಕಡಿಮೆಯಾಗುತ್ತದೆ ಎಂದರೆ ಕೇಳುತ್ತಾರೆ.

ಹಾಕಿದ ಗಳಿಗೆಯಲ್ಲೇ, ಕರೆಂಟ್ ದಾಖಲೆ ಏನೂ ಇಲ್ಲದೆ ಬಿದ್ದರೆ ಲೈನ್ ಬಿಟ್ಟು ಪ್ಯಾನೆಲ್ ನೋಡಿ: 86 ರೀಸೆಟ್ ಆಗಿಲ್ಲ, ಟ್ರಿಪ್ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಇಲ್ಲವೇ ಕ್ಲೋಸ್ ಲ್ಯಾಚ್ ಹಿಡಿಯುತ್ತಿಲ್ಲ.

ತಂತಿ ಕಡಿದು ಬಿದ್ದಿದೆ, ಫೀಡರ್ ಮಾತ್ರ ಬಿದ್ದಿಲ್ಲ

ಇದಕ್ಕೆ ರಿಲೇಯನ್ನು ಬೈದು ಪ್ರಯೋಜನವಿಲ್ಲ. ಒಣಗಿದ ಕೆಂಪು ಮಣ್ಣು, ಬಂಡೆ, ಒಣ ಹುಲ್ಲಿನ ಮೇಲೆ ಬಿದ್ದ ತಂತಿಯಿಂದ ಹರಿಯುವ ಕರೆಂಟ್ ಕೆಲವೇ ಆಂಪಿಯರ್ ಇರಬಹುದು. ಅರ್ತ್ ಫಾಲ್ಟ್ ಸೆಟ್ಟಿಂಗ್ 20 ಶೇಕಡಾ ಎಂದರೂ 200/1 ಸಿಟಿಗೆ 40 ಆಂಪಿಯರ್ ಬೇಕು. ರಿಲೇಗೆ ಅದು ಕಾಣುವುದೇ ಇಲ್ಲ. ತಂತಿ ಬಿದ್ದಿದೆ ಎಂದು ಊರಿನವರು ಫೋನ್ ಮಾಡಿದರೆ, ಅಮ್ಮೀಟರ್ ಏನೇ ತೋರಿಸಲಿ, ಫೀಡರ್ ತೆಗೆಯಿರಿ. ವಿಚಾರಣೆ ಆಮೇಲೆ.

ಫ್ಲ್ಯಾಗ್ ಇಲ್ಲದ ಟ್ರಿಪ್, ಮತ್ತು ಬ್ಯಾಟರಿ

ಡಿಸಿ ಅರ್ತ್ ಹುಡುಕಲು ಪಾಸಿಟಿವ್‌ನಿಂದ ಭೂಮಿಗೆ, ನೆಗೆಟಿವ್‌ನಿಂದ ಭೂಮಿಗೆ ಅಳೆಯಿರಿ. ಮಧ್ಯಬಿಂದು ಲೀಕೇಜ್ ವ್ಯವಸ್ಥೆ (ಡಿಸಿಯ ನಡುಬಿಂದುವನ್ನು ದೊಡ್ಡ ರೆಸಿಸ್ಟೆನ್ಸ್ ಮೂಲಕ ಭೂಮಿಗೆ ಸೇರಿಸಿದ್ದು) ಇರುವಲ್ಲಿ ಎರಡೂ ಸುಮಾರು ಸಮ ಇರಬೇಕು. ಒಂದು ಸೊನ್ನೆಯ ಕಡೆ ಹೋಗಿ ಇನ್ನೊಂದು ಪೂರ್ತಿ ಆದರೆ, ಸೊನ್ನೆ ಬಂದ ಬದಿ ಭೂಮಿಗೆ ತಗುಲಿದೆ. ಒಂದು ಅರ್ತ್‌ನಿಂದ ಏನೂ ಆಗದು, ಅದಕ್ಕೇ ಜನ ತಿಂಗಳುಗಟ್ಟಲೆ ಬಿಡುತ್ತಾರೆ. ಎರಡನೆಯದು ಟ್ರಿಪ್ ವೈರ್ ಮೇಲೆ ಆದ ದಿನ ಬ್ರೇಕರ್ ತಾನಾಗಿ ಬೀಳುತ್ತದೆ, ಅಥವಾ ಬೀಳಬೇಕಾದಾಗ ಬೀಳದು. ಮೊದಲು ಹೊರಾಂಗಣದ ಮಾರ್ಷಲಿಂಗ್ ಬಾಕ್ಸ್‌ಗಳನ್ನು ತೆರೆಯಿರಿ. ಮಳೆನೀರು, ಇರುವೆ ಗೂಡು, ಇಲಿ ಕಡಿದ ಕೇಬಲ್ ಅಲ್ಲೇ. ಆಮೇಲೆ ಒಂದೊಂದೇ ಡಿಸಿ ಸರ್ಕ್ಯೂಟ್ ತೆಗೆದು ನೋಡಿ, ಆದರೆ ಪ್ರೊಟೆಕ್ಷನ್ ಇಲ್ಲದೆ ಫೀಡರ್ ಓಡದ ಹಾಗೆ ಏರ್ಪಾಡು ಮಾಡಿಕೊಂಡು. ಕಂಟ್ರೋಲ್ ವೈರಿಂಗ್‌ಗೆ 500 ವೋಲ್ಟ್ ಮೆಗ್ಗರ್ ಹಾಕುವುದಾದರೆ ನ್ಯೂಮರಿಕಲ್ ರಿಲೇಯ ವೈರ್‌ಗಳನ್ನು ಬಿಚ್ಚಿಯೇ ಹಾಕಿ.

110 ವೋಲ್ಟ್ ಬ್ಯಾಟರಿ ಎಂದರೆ 55 ಸೆಲ್. ಫ್ಲೋಟ್‌ನಲ್ಲಿ ಸೆಲ್‌ಗೆ 2.2 ವೋಲ್ಟ್‌ನಂತೆ 121 ವೋಲ್ಟ್ ತೋರುತ್ತದೆ. ಇದು ಚಾರ್ಜರ್‌ನ ವೋಲ್ಟೇಜ್, ಬ್ಯಾಟರಿಯದಲ್ಲ. ಚಾರ್ಜರ್ ಬಂದ್ ಮಾಡಿ, ಹೊರೆ ಕೊಟ್ಟು, ಒಂದೊಂದು ಸೆಲ್ ಅಳೆಯಿರಿ. ಮಿಕ್ಕವು 2 ವೋಲ್ಟ್ ಆಸುಪಾಸು ಇರುವಾಗ ಯಾವುದಾದರೂ 1.8ಕ್ಕಿಂತ ಕೆಳಗೆ ಇಳಿದರೆ ಅದನ್ನು ಬದಲಿಸಿ. ಹತ್ತಿರದ ದೋಷದಲ್ಲಿ 11 ಕೆವಿ ವೋಲ್ಟೇಜೇ ಕುಸಿಯುತ್ತದೆ, ಸ್ಟೇಷನ್ ಆಕ್ಸಿಲರಿ ಸಪ್ಲೈ ಕುಸಿಯುತ್ತದೆ, ಚಾರ್ಜರ್ ಕೈ ಬಿಡುತ್ತದೆ. ಟ್ರಿಪ್ ಕೊಡಬೇಕಾದ ಆ ಅರೆ ಸೆಕೆಂಡಿಗೆ ಬ್ಯಾಟರಿ ಒಂದೇ ಇರುವುದು.

ಮತ್ತೆ ಹಾಕುವ ಮೊದಲು

ಏನು ರಿಪೇರಿ ಮಾಡಿದ್ದರೂ ಕೊನೆಯ ಪರೀಕ್ಷೆ ಪೂರ್ತಿ ಸರಪಳಿಯದ್ದಾಗಿರಲಿ. ಟೆಸ್ಟ್ ಸ್ಥಾನದಲ್ಲಿ ಬ್ರೇಕರ್ ಮುಚ್ಚಿ, ರಿಲೇಗೆ ಸೆಕೆಂಡರಿ ಇಂಜೆಕ್ಷನ್ (ಸಿಟಿಯ ಬದಲು ಟೆಸ್ಟ್ ಕಿಟ್‌ನಿಂದ ಕರೆಂಟ್) ಕೊಟ್ಟು, ರಿಲೇಯೇ ಬ್ರೇಕರ್ ಬೀಳಿಸಬೇಕು. ರಿಲೇಯ ದೀಪ ಉರಿಯಿತು ಎಂದು ಅರ್ಧಕ್ಕೆ ಬಿಡಬೇಡಿ. 1 ಆಂಪಿಯರ್ ಸೆಟ್ಟಿಂಗ್, ಟಿಎಂಎಸ್ 0.1 ಇದ್ದರೆ 2 ಆಂಪಿಯರ್‌ಗೆ 1.0 ಸೆಕೆಂಡ್, 5 ಆಂಪಿಯರ್‌ಗೆ 0.43 ಸೆಕೆಂಡ್ ಬರಬೇಕು. ಪ್ರತಿ ಫೇಸ್‌ಗೂ, ಅರ್ತ್ ಎಲಿಮೆಂಟ್‌ಗೂ ಬೇರೆ ಬೇರೆಯಾಗಿ. ಡಿಸಿಯನ್ನು 77 ವೋಲ್ಟ್‌ಗೆ ಇಳಿಸಿ ಒಮ್ಮೆ ಟ್ರಿಪ್ ಕೊಟ್ಟು ನೋಡಿ. ಇಂಜೆಕ್ಷನ್ ಕಿಟ್ ಬಿಚ್ಚಿದ ಮೇಲೆ ಸಿಟಿ ಲಿಂಕ್‌ಗಳನ್ನು ಇಬ್ಬರು ನೋಡಲಿ, ಒಬ್ಬರು ಬಾಯಲ್ಲಿ ಹೇಳುತ್ತಾ ಇನ್ನೊಬ್ಬರು ಮುಟ್ಟಿ ನೋಡುತ್ತಾ. ಕೇಬಲ್ ಗ್ಲ್ಯಾಂಡ್ ಸುತ್ತಲ ತೂತುಗಳನ್ನು ಸೀಲಿಂಗ್ ಕಾಂಪೌಂಡ್ ಹಾಕಿ ಮುಚ್ಚಿ, ಹಲ್ಲಿ ಬರುವುದು ಅಲ್ಲಿಂದಲೇ. ಎಲ್‌ಸಿ ಪುಸ್ತಕಕ್ಕೆ ಸಹಿ ಹಾಕಿ ಎಲ್‌ಸಿ ವಾಪಸು ಕೊಟ್ಟ ಮೇಲೆಯೇ ಫೀಡರ್ ಹಾಕಿ. ಅದು ಲೋಡ್ ತೆಗೆದುಕೊಂಡ ಹತ್ತು ನಿಮಿಷಕ್ಕೆ ರಿಲೇಯ ಮೂರು ಫೇಸ್ ಕರೆಂಟ್, ನ್ಯೂಟ್ರಲ್ ಕರೆಂಟ್ ಓದಿ ಲಾಗ್ ಶೀಟ್‌ನಲ್ಲಿ ಬರೆಯಿರಿ.